ಅತ್ತೆಯ ಬಾವಿ, ಸೊಸೆಯ ಕೆರೆ

ಚಳಿಗಾಲ ಬಂದಿತೆಂದರೆ ಸೂರತ್ತಿನ ಕನ್ನಡಿಗರಿಗೆ ಎರಡು ಸಂಭ್ರಮ. ಒಂದು, ಅಂಗಡಿಗಳಲ್ಲಿ ಎಳೆ ಜೋಳದ ಪೋಂಕ್ ಕಾಣಿಸಿಕೊಳ್ಳುತ್ತದೆ. ಅದನ್ನು ಬಾಯಿಗೆ ಹಾಕಿಕೊಂಡ ವಿಜಾಪುರ ಸೀಮೆಯವರು "ಇದು ನಮ್ಮ ಸೀತನಿಯೇ ಸರಿ" ಎಂದು ಕಣ್ಣು ಮುಚ್ಚಿ ಒಂದು ಸಲ ಊರಿಗೆ ಹೋಗಿ ಬರುತ್ತಾರೆ. ಎರಡನೆಯದು ಸಂಘದವರೆಲ್ಲ ಕೂಡಿ ಹೊರಡುವ ಪ್ರವಾಸ. ಸಂಕ್ರಾಂತಿಯ ಗಾಳಿಪಟಗಳ ಗದ್ದಲ ಮುಗಿದ ಮೇಲೆ, ಉಣ್ಣೆಯ ಬಟ್ಟೆಗಳು ಮತ್ತೆ ಪೆಟ್ಟಿಗೆ ಸೇರುವುದಕ್ಕೆ ಮೊದಲು, ಹೋಗಿ ಬಂದುಬಿಡಬೇಕು.

ದ್ವಾರಕೆ, ಸೋಮನಾಥ, ನರ್ಮದೆಯ ದಂಡೆಯ ಸರದಾರ ಪಟೇಲರ ಪ್ರತಿಮೆ ಎಲ್ಲವೂ ಆಗಿದ್ದವು. ಈ ಸಲ ಎಲ್ಲಿಗೆಂದು ಮಾತು ಬಂದಾಗ ಮಹಿಳಾ ವಿಭಾಗದವರು ಒಕ್ಕೊರಲಿನಿಂದ "ಪಾಟಣ" ಎಂದೆವು. "ಒಂದು ಬಾವಿ ನೋಡುವುದಕ್ಕೆ ನಾನ್ನೂರು ಕಿಲೋಮೀಟರೇ?" ಎಂದು ಗಂಡಸರಲ್ಲಿ ಕೆಲವರು ನಕ್ಕರು. ಗುಜರಾತಿಗೆ ಆರು ನೂರು ವರ್ಷಗಳಿಗೂ ಮಿಕ್ಕಿ ರಾಜಧಾನಿಯಾಗಿದ್ದ ಊರು ಅದು. ಅಹಮದಶಹನು 1411ರಲ್ಲಿ ಅಹಮದಾಬಾದನ್ನು ಕಟ್ಟಿದ ಮೇಲಷ್ಟೆ ಅದರ ಸಿಂಹಾಸನ ಹೋದದ್ದು. ಅಲ್ಲದೆ ಆ ಸಿಂಹಾಸನದ ಎಡಗಡೆ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಇದನ್ನು ಹೇಳಿದ ಮೇಲೆ ಯಾರೂ ನಗಲಿಲ್ಲ.

ಶುಕ್ರವಾರ ರಾತ್ರಿ ಒಂಬತ್ತಕ್ಕೆ ವರಾಛಾದಿಂದ ಬಸ್ಸು ಹೊರಟಿತು. ಮಿನಿ ಬಜಾರಿನಲ್ಲಿ ವಜ್ರದ ದಲಾಲರು ಮಾಯವಾಗಿ, ಚಹದ ಅಂಗಡಿಗಳು ಮಾತ್ರ ಉಳಿದಿದ್ದ ಹೊತ್ತು. ನಮ್ಮ ಬುತ್ತಿಯಲ್ಲಿ ಚಪಾತಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಮೈಸೂರಿನವರ ಪುಳಿಯೋಗರೆ, ಮಂಗಳೂರಿನವರ ಡಬ್ಬಿಯಲ್ಲಿ ಏನೋ ಬೆಲ್ಲ-ತೆಂಗಿನಕಾಯಿಯ ಪದಾರ್ಥ. ಅಖಂಡ ಕರ್ನಾಟಕವೆಲ್ಲ ಒಂದೇ ಬಸ್ಸಿನ ಸೀಟುಗಳ ಕೆಳಗೆ ಸೇರಿಕೊಂಡಿತ್ತೆನ್ನಬೇಕು. ವಡೋದರೆಯಲ್ಲಿ ನಡುರಾತ್ರಿ ಮೂರು ಸಂಸಾರಗಳು ಹತ್ತಿಕೊಂಡವು. ಅವರೊಡನೆ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರು. ಅಹಮದಾಬಾದಿನವರು ನಸುಕಿನಲ್ಲಿ ಬಂದರು. ಎಲ್ಲ ಕೂಡಿ ನಲವತ್ತೊಂದು ಜನ.

ಊರು ಬಿಟ್ಟು ಹತ್ತು ಹದಿನೈದು ಕಿಲೋಮೀಟರು ಹೋಗುವಷ್ಟರಲ್ಲಿ ಕಾಮರೇಜ್ ಬರುತ್ತದಷ್ಟೆ. ನಾವು ಅಲ್ಲಿ ಹೆದ್ದಾರಿ ಹಿಡಿಯುತ್ತೇವೆಯೇ ಹೊರತು ಊರಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಬಾದಾಮಿ ಚಾಳುಕ್ಯರ ಒಂದು ಶಾಖೆ ಏಳು ಎಂಟನೆಯ ಶತಮಾನಗಳಲ್ಲಿ ನವಸಾರಿಯಿಂದ ಈ ಸೀಮೆಯನ್ನು ಆಳಿತು. ಅವರ ತಾಮ್ರಶಾಸನಗಳಲ್ಲಿ ಬರುವ 'ಕಾರ್ಮಣೇಯ'ವೇ ಈ ಕಾಮರೇಜ್. ಆಮೇಲೆ ನಮ್ಮ ಮಳಖೇಡದ ರಾಷ್ಟ್ರಕೂಟರ ಮನೆತನದವರೂ ಇಲ್ಲಿ ಆಳಿ ಹೋದರು. ಕನ್ನಡಿಗರು ಈ ನಾಡಿಗೆ ನೌಕರಿ ಹುಡುಕಿಕೊಂಡು ಮೊನ್ನೆ ಮೊನ್ನೆ ಬಂದವರೆಂದು ಹೇಳುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ನನ್ನ ಪಕ್ಕದಲ್ಲಿ ಕುಳಿತವರು ನಮ್ಮ ಓಣಿಯ ವೈನಿ. ಧಾರವಾಡದವರು, ಸೂರತ್ತಿಗೆ ಬಂದು ಮೂವತ್ತು ವರ್ಷ. ಮಾತಿನ ಮಲ್ಲಿ ಎಂದು ಹೆಸರಾದ ಅವರು ಅಂದು ಭರೂಚಿನವರೆಗೆ ತುಟಿ ಬಿಚ್ಚಲಿಲ್ಲ. ಕಾರಣ ನನಗೆ ಗೊತ್ತಿತ್ತು. ಅವರ ಒಬ್ಬಳೇ ಮಗಳು, ಓದಿ ಕೆಲಸದಲ್ಲಿರುವ ಹುಡುಗಿ, ವರಾಛಾದವನೇ ಆದ ಒಬ್ಬ ಹುಡುಗನನ್ನು ಮದುವೆಯಾಗುವೆನೆಂದು ದೀಪಾವಳಿಯ ಹೊತ್ತಿಗೆ ಮನೆಯಲ್ಲಿ ತಿಳಿಸಿದ್ದಳು. ಹುಡುಗ ಸೌರಾಷ್ಟ್ರದವನು, ಜುನಾಗಢದ ಕಡೆಯ ಮನೆತನ. ಹುಡುಗನ ಬಗೆಗೆ ಯಾರಿಗೂ ದೂರಿಲ್ಲ. ವೈನಿಯವರ ದುಃಖವೇ ಬೇರೆ.

"ಅಕಿ ಸುಖದಾಗ ಇರ್ತಾಳ್ರೀ, ಅದು ನನಗ ಗೊತ್ತದ. ಆದ್ರ ನಾಳೆ ಅಕಿ ಮಕ್ಕಳು ನನ್ನ ಜೋಡಿ ಯಾ ಭಾಷಾದಾಗ ಮಾತಾಡ್ತಾವ?" ಎಂದು ನರ್ಮದೆಯ ಸೇತುವೆಯ ಮೇಲೆ ಕೇಳಿದರು. ನಾನು ಸುಮ್ಮನೆ ಅವರಿಗೆ ಶಾಲು ಹೊದಿಸಿದೆ. ನಮ್ಮಲ್ಲಿ ಯಾರ ಮನೆಯಲ್ಲಿ ಈ ಪ್ರಶ್ನೆ ಇಲ್ಲ ಹೇಳಿ? ಮದುವೆಯ ಮಾತೇ ಬರಬೇಕೆಂದಿಲ್ಲ. ಮಕ್ಕಳು ಅಣ್ಣ-ತಮ್ಮಂದಿರೇ ಜಗಳವಾಡುವಾಗ ಗುಜರಾತಿಯಲ್ಲಿ ಬೈದಾಡುವುದನ್ನು ಕೇಳಿದರೆ ಸಾಕು.

ಬೆಳಿಗ್ಗೆ ಎಂಟಕ್ಕೆ ಪಾಟಣ. ಉತ್ತರ ಗುಜರಾತಿನ ಚಳಿ ಸೂರತ್ತಿನ ಚಳಿಯಂತಲ್ಲ; ಕಿವಿ ಮೂಗುಗಳನ್ನು ಹುಡುಕಿಕೊಂಡು ಬಂದು ಕಚ್ಚುತ್ತದೆ. ಮಕ್ಕಳಿಗೆ ಮಂಗನ ಟೋಪಿ ಹಾಕಿಸಿ, ಬಿಸಿ ಬಿಸಿ ಚಹ ಕುಡಿದು, ನೇರವಾಗಿ ರಾಣಿ ಕೀ ವಾವ್‌ಗೆ ನಡೆದೆವು. ಹೋಗುವವರು ಬೆಳಿಗ್ಗೆಯೇ ಹೋಗಬೇಕು. ಬಾವಿಯ ಬಾಗಿಲು ಪೂರ್ವಕ್ಕಿದೆ. ಎಳೆಬಿಸಿಲು ಮೆಟ್ಟಿಲಿಳಿದು ಒಳಗೆ ಬರುತ್ತದೆ. ಮಧ್ಯಾಹ್ನ ಹೋದವರಿಗೆ ಅರ್ಧ ಶಿಲ್ಪ ನೆರಳಿನಲ್ಲಿ ಹೋಗಿಬಿಡುತ್ತದೆ.

ದೂರದಿಂದ ಏನೂ ಕಾಣಿಸುವುದಿಲ್ಲ. ಹಸುರು ಹುಲ್ಲಿನ ಬಯಲು, ಅಷ್ಟೆ. "ಎಲ್ಲಿದೆ ಬಾವಿ?" ಎಂದು ಹುಡುಗರು ಓಡಿದರು, ಓಡಿದವರು ಅಂಚಿನಲ್ಲಿ ಗಕ್ಕನೆ ನಿಂತರು. ನೆಲ ಅಲ್ಲಿಯೇ ಬಾಯಿ ತೆರೆದಿದೆ. ಸುಮಾರು 65 ಮೀಟರು ಉದ್ದ, 20 ಮೀಟರು ಅಗಲ, 27-28 ಮೀಟರು ಆಳ, ಏಳು ಅಂತಸ್ತು. ದೇವಾಲಯವನ್ನು ಆಕಾಶದ ಕಡೆಗೆ ಎತ್ತುವ ಬದಲು ಪಾತಾಳದ ಕಡೆಗೆ ಇಳಿಸಿದ್ದಾರೆ. ಲಕ್ಕುಂಡಿಯ ಮುಸುಕಿನ ಬಾವಿಯನ್ನು ನೋಡಿದವರಿಗೆ ಈ ಕಲ್ಪನೆ ಹೊಸದಲ್ಲ. ಆದರೆ ಅದರ ಎಷ್ಟೋ ಪಟ್ಟು ಇದು. ದೊಡ್ಡ ಶಿಲ್ಪಗಳೇ 500ಕ್ಕೆ ಮಿಕ್ಕಿವೆ, ಚಿಕ್ಕವು ಸಾವಿರಕ್ಕೆ ಮಿಕ್ಕಿವೆ. ವಿಷ್ಣುವಿನ ಅವತಾರಗಳು ಸಾಲಾಗಿ ನಿಂತಿವೆ. ಆಳದಲ್ಲಿ, ಬಾವಿಯ ಗೋಡೆಯಲ್ಲಿ, ಶೇಷಶಾಯಿ ಮಲಗಿದ್ದಾನೆ. ಕಟ್ಟಕಡೆಯ ಅಂತಸ್ತಿನವರೆಗೆ ಈಗ ಬಿಡುವುದಿಲ್ಲವಾದ್ದರಿಂದ ಅವನನ್ನು ದೂರದಿಂದಲೇ ಕಂಡೆವು.

ನಮ್ಮ ಹೆಂಗಸರೆಲ್ಲ ಗುಂಪುಗಟ್ಟಿ ನಿಂತದ್ದು ಮಾತ್ರ ಒಬ್ಬ ತರುಣಿಯ ಮುಂದೆ. ಆಕೆ ಮಿಂದು ಬಂದು ಕೂದಲು ಹಿಂಡುತ್ತಿದ್ದಾಳೆ. ಕಾಲ ಬಳಿಯ ಹಂಸವೊಂದು ಕೂದಲಿನ ತುದಿಯಿಂದ ಬೀಳುವ ಹನಿಗಳನ್ನು ಕೊಕ್ಕಿನಿಂದ ಹಿಡಿಯುತ್ತಿದೆ. ಬೇಲೂರಿನ ದರ್ಪಣಸುಂದರಿಯನ್ನು ನೆನೆಯದ ಕನ್ನಡಿಗರು ಅಲ್ಲಿ ಯಾರೂ ಇರಲಿಲ್ಲ. ಬೇಲೂರು ಪ್ರತಿಷ್ಠೆಯಾದದ್ದು 1117ರಲ್ಲಿ. ಈ ಬಾವಿ ಅದಕ್ಕಿಂತ ಅರ್ಧ ಶತಮಾನ ಹಿರಿಯದು. ಬೇಲೂರಿನ ಕಲ್ಲು ನುಣುಪು, ಒಡವೆಯ ಎಳೆ ಎಳೆ ಬಿಡಿಸಬಹುದು. ಇಲ್ಲಿಯ ಕಲ್ಲು ಅಷ್ಟು ಮೆದುವಲ್ಲ. ಆದರೂ ಮೈಯ ಬಳುಕು ಮಾತ್ರ ಯಾವುದಕ್ಕೂ ಕಡಿಮೆಯಿಲ್ಲ. ನನ್ನನ್ನು ಕೇಳಿದರೆ ಹಂಸದ ಹೊಟ್ಟೆಬಾಕತನಕ್ಕೇ ಮೊದಲ ಬಹುಮಾನ.

ಇಷ್ಟೆಲ್ಲ ಉಳಿದುಬಂದದ್ದು ಮಣ್ಣಿನ ಉಪಕಾರ. ಸರಸ್ವತಿ ನದಿಯ ಪ್ರವಾಹಗಳು ಬಾವಿಯನ್ನು ಹೂಳಿನಿಂದ ತುಂಬಿಬಿಟ್ಟವು. 1890ರಲ್ಲಿ ಬರ್ಜೆಸ್ ಮತ್ತು ಕಸಿನ್ಸ್ ಎಂಬ ಪುರಾತತ್ತ್ವಜ್ಞರು ಬಂದಾಗ ಒಂದು ದೊಡ್ಡ ಗುಂಡಿಯೂ ಕೆಲವು ಕಂಬಗಳೂ ಕಂಡವಷ್ಟೆ. ಭಾರತೀಯ ಪುರಾತತ್ತ್ವ ಇಲಾಖೆಯವರು 1980ರ ದಶಕದಲ್ಲಿ ಹೂಳೆತ್ತಿದ ಮೇಲೆ ಈ ಸಂಪತ್ತು ಬೆಳಕಿಗೆ ಬಂದಿತು. 2014ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. 2018ರಿಂದ ನೂರು ರೂಪಾಯಿಯ ನೇರಳೆ ನೋಟಿನ ಹಿಂಬದಿಯಲ್ಲಿ ಇದೇ ಬಾವಿಯಿದೆ. ನಮ್ಮ ಚಿಕ್ಕಮಕ್ಕಳು ಅಪ್ಪಂದಿರ ಜೇಬಿನಿಂದ ನೋಟುಗಳನ್ನು ತೆಗೆಸಿ ಕಂಬ ಕಂಬಕ್ಕೆ ಹೋಲಿಸಿ ನೋಡಿದರು. ನೋಟುಗಳು ಅಪ್ಪಂದಿರ ಜೇಬಿಗೆ ಹಿಂತಿರುಗಿದ ಬಗೆಗೆ ಖಚಿತ ವರದಿಯಿಲ್ಲ.

ಬಾವಿಯನ್ನು ಕಟ್ಟಿಸಿದವಳು ರಾಣಿ ಉದಯಮತಿ; ಚಾಳುಕ್ಯ ವಂಶದ ಒಂದನೆಯ ಭೀಮದೇವನ ಪತ್ನಿ. ಗುಜರಾತಿಗಳು ಈ ವಂಶವನ್ನು ಸೋಲಂಕಿ ಎನ್ನುತ್ತಾರೆ. ಕಾಲ ಸುಮಾರು 1063. ಹೆಚ್ಚಾಗಿ ಗಂಡಂದಿರು ಹೆಂಡಿರ ನೆನಪಿಗೆ ಕಟ್ಟಿಸಿದ ಕಟ್ಟಡಗಳೇ ಜಗತ್ಪ್ರಸಿದ್ಧವಾಗಿವೆ. ಇಲ್ಲಿ ಹೆಂಡತಿ ಗಂಡನ ನೆನಪಿಗೆ ಕಟ್ಟಿಸಿದಳು, ಅದೂ ಬಾಯಾರಿದವರಿಗೆ ನೀರು ಸಿಗುವಂಥದನ್ನು.

ಮೇಲೆ ಬಂದು ಬಿಸಿಲಿನಲ್ಲಿ ಹುಲ್ಲಿನ ಮೇಲೆ ಕುಳಿತಾಗ ಮಾಸ್ತರರು ಕಥೆ ತೆಗೆದರು.

"ಈ ಉದಯಮತಿ ಎಲ್ಲಿಯವಳು ಗೊತ್ತೇನು? ಸೌರಾಷ್ಟ್ರದ ಜುನಾಗಢದ ರಾಜ ಖೇಂಗಾರನ ಮಗಳು."

ಜುನಾಗಢವೆಂದೊಡನೆ ವೈನಿ ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿಯ ಕಡೆ ನೋಡಿದೆ.

ಆಕೆಯ ಮಗ ಕರ್ಣದೇವ. ಇಂದಿನ ಅಹಮದಾಬಾದಿನ ಜಾಗದಲ್ಲಿ ಕರ್ಣಾವತಿ ಎಂಬ ಪಟ್ಟಣ ಕಟ್ಟಿದವನು ಅವನೇ. ಅವನಿಗೆ ಹೆಂಡತಿಯಾಗಿ ಬಂದವಳು ಮಯಣಲ್ಲದೇವಿ, ಕರ್ಣಾಟದ ದೊರೆ ಜಯಕೇಶಿಯ ಮಗಳು. ಜಯಕೇಶಿ ಗೋವೆಯ ಕದಂಬರವನು. ಬನವಾಸಿಯ ಕದಂಬರ ಹೆಸರು ಹೊತ್ತ ಮನೆತನ. ಇಂದಿನ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಹಲಸಿ ಅವರ ಇನ್ನೊಂದು ರಾಜಧಾನಿ. ಶಾಸನಗಳನ್ನು ಅವರು ಕನ್ನಡದಲ್ಲಿಯೂ ಬರೆಯಿಸಿದರು. ಗುಜರಾತಿಗಳ ಬಾಯಲ್ಲಿ ಮಯಣಲ್ಲದೇವಿ 'ಮೀನಳದೇವಿ' ಆದಳು. ನನಗೇನೋ ನಮ್ಮ ಶಾಸನಗಳಲ್ಲಿ ಕಾಣುವ ಮೈಳಲದೇವಿ ಎಂಬ ಹೆಸರೇ ಹೀಗೆ ಬದಲಾಯಿತೇ ಎಂದು ತೋರುತ್ತದೆ. ನಮ್ಮ ಹೆಸರುಗಳನ್ನು ಇಲ್ಲಿಯ ಜನ ಏನೇನು ಮಾಡುತ್ತಾರೆಂಬುದು ರೇಷನ್ ಕಾರ್ಡಿನಲ್ಲಿ ಹೆಸರು ಬರೆಯಿಸಿದವರಿಗೆಲ್ಲ ತಿಳಿದ ವಿಷಯ.

ಮದುವೆಯ ಕಥೆ ಎರಡು ಬಗೆಯಾಗಿದೆ. ಹೇಮಚಂದ್ರಾಚಾರ್ಯರು ಈ ಆಸ್ಥಾನದಲ್ಲಿಯೇ ಇದ್ದ ಜೈನ ಪಂಡಿತರು. ಅವರು ಹೇಳುವಂತೆ ಚಿತ್ರಕಾರನೊಬ್ಬ ತಂದ ಅವಳ ಪಟವನ್ನು ನೋಡಿ ಕರ್ಣ ಮೋಹಿತನಾದ. ಆಮೇಲೆ, 1304-05ರ ಸುಮಾರಿಗೆ, 'ಪ್ರಬಂಧಚಿಂತಾಮಣಿ'ಯನ್ನು ಬರೆದ ಮೇರುತುಂಗ ಬೇರೆಯೇ ಹೇಳುತ್ತಾನೆ. ಹುಡುಗಿ ತಾನಾಗಿಯೇ ಕರ್ಣನನ್ನು ವರಿಸಿ ಅಷ್ಟು ದೂರ ಬಂದಳು. ರೂಪ ಸಾಲದೆಂದು ಅವನು ಮುಖ ತಿರುಗಿಸಿದ. ಅವಮಾನಗೊಂಡ ಅವಳು ಸಖಿಯರೊಡನೆ ಅಗ್ನಿಪ್ರವೇಶಕ್ಕೆ ಸಿದ್ಧಳಾದಳು. ಆಗ ಎದ್ದು ನಿಂತವಳು ಉದಯಮತಿ: ಪರದೇಶದಿಂದ ನಂಬಿ ಬಂದ ಹುಡುಗಿ ನಮ್ಮ ಬಾಗಿಲಲ್ಲಿ ಸಾಯುವುದಾದರೆ ಅವಳೊಡನೆ ನಾನೂ ಸಾಯುತ್ತೇನೆ! ತಾಯಿಯ ಹಟಕ್ಕೆ ಮಗ ಮಣಿದ. ತಾಳಿ ಕಟ್ಟಿದರೂ ಬಹುಕಾಲ ಅವಳನ್ನು ಕಣ್ಣೆತ್ತಿ ನೋಡಲಿಲ್ಲ. ಮುಂಜಾಲನೆಂಬ ಮಂತ್ರಿಯ ಉಪಾಯದಿಂದ ಗಂಡಹೆಂಡಿರು ಒಂದಾದರು. ಹುಟ್ಟಿದ ಮಗನೇ ಗುಜರಾತಿನ ಅತ್ಯಂತ ಪ್ರಸಿದ್ಧ ದೊರೆ ಸಿದ್ಧರಾಜ ಜಯಸಿಂಹ. ಅವನು ಎಳೆಯನಿದ್ದಾಗಲೇ ತಂದೆ ತೀರಿಕೊಂಡುದರಿಂದ ರಾಜ್ಯದ ಭಾರವನ್ನು ಕೆಲಕಾಲ ತಾಯಿಯೇ ಹೊತ್ತಳು. ಕನ್ನಯ್ಯಾಲಾಲ್ ಮುನ್ಷಿಯವರು 'ಪಾಟಣನೀ ಪ್ರಭುತಾ' ಕಾದಂಬರಿಯಲ್ಲಿ ಈ ಮೀನಳದೇವಿ-ಮುಂಜಾಲರನ್ನು ಮನೆಮಾತು ಮಾಡಿಟ್ಟಿದ್ದಾರೆ. ಓದು ಬಲ್ಲ ಗುಜರಾತಿಯ ಮುಂದೆ ಆ ಹೆಸರು ಹೇಳಿ ನೋಡಿ, ಮುಖ ಅರಳುತ್ತದೆ.

ಎರಡರಲ್ಲಿ ಯಾವುದು ನಿಜ? ಹೇಮಚಂದ್ರರು ಆಸ್ಥಾನದ ಅನ್ನ ಉಂಡವರು; ರಾಜಮಾತೆ ಚೆಲುವೆಯಲ್ಲವೆಂದು ಬರೆಯುವ ಹಾಗಿರಲಿಲ್ಲ. ಮೇರುತುಂಗನಿಗೆ ಕಥೆ ಕಟ್ಟುವ ಹುಚ್ಚು. ನಮ್ಮ ಹೆಂಗಸರೆಲ್ಲ ಮೇರುತುಂಗನ ಕಡೆಗೇ ಮತ ಹಾಕಿದರು.

"ಅಂದ್ರ ಈ ಬಾವಿ ಅಕಿ ಅತ್ತಿ ಕಟ್ಟಿಸಿದ್ದು" ಎಂದರು ವೈನಿ.

"ಹೌದು ತಾಯಿ" ಎಂದರು ಮಾಸ್ತರರು.

"ಜುನಾಗಢದಾಕಿ."

"ಹೌದು."

ವೈನಿ ಮತ್ತೇನೂ ಹೇಳಲಿಲ್ಲ. ಎದ್ದು ಹೋಗಿ ಇನ್ನೊಂದು ಸಲ ಅಂಚಿನಿಂದ ಬಾವಿಯೊಳಗೆ ಬಗ್ಗಿ ನೋಡಿ ಬಂದರು.

ಬಿಲ್ಹಣ ಕವಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಾಶ್ಮೀರದಿಂದ ಹೊರಟ ಅವನು ಪಾಟಣಕ್ಕೆ ಬಂದು 'ಕರ್ಣಸುಂದರೀ' ಎಂಬ ನಾಟಕ ಬರೆದ. ಅದರ ನಾಯಿಕೆಯಲ್ಲಿ ಮಯಣಲ್ಲದೇವಿಯ ಛಾಯೆಯಿದೆಯೆಂದು ವಿದ್ವಾಂಸರು ಊಹಿಸುತ್ತಾರೆ. ಆಮೇಲೆ ಅವನು ದಕ್ಷಿಣಕ್ಕೆ ಬಂದು ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ವಿದ್ಯಾಪತಿಯಾದ. ಅಲ್ಲಿ ಕುಳಿತು ಬರೆದ 'ವಿಕ್ರಮಾಂಕದೇವಚರಿತ'ದಲ್ಲಿ ಗುಜರಾತಿಗಳ ಉಡುಗೆ, ನುಡಿ ಎರಡನ್ನೂ ಹಳಿದಿದ್ದಾನೆ. ಉಂಡ ಮನೆಯ ಬಗೆಗೆ ಅಷ್ಟು ದೂರ ಹೋಗಿ ಆಡಿಕೊಳ್ಳುವುದು ಕವಿಗೆ ಶೋಭಿಸುವ ಕೆಲಸವಲ್ಲ. ಇದು ನನ್ನ ಅಭಿಪ್ರಾಯ.

ಬಾವಿಯ ಪಕ್ಕದಲ್ಲಿಯೇ ಸಹಸ್ರಲಿಂಗ ತಲಾವ್, ಸಿದ್ಧರಾಜನ ಕೆರೆ. ಹಿಂದೆ ಇದರ ಸುತ್ತ ಸಾವಿರ ಶಿವಾಲಯಗಳಿದ್ದವೆಂದು ಪ್ರತೀತಿ. ಈಗ ಉಳಿದದ್ದು ಕಲ್ಲಿನ ಕಾಲುವೆ, ಕೆಲವು ಕಂಬ, ಮುರಿದ ಕಟ್ಟೆ. ಸರಸ್ವತಿಯ ನೀರನ್ನು ಕಾಲುವೆಯಿಂದ ತಂದು, ರುದ್ರಕೂಪವೆಂಬ ದುಂಡನೆಯ ಹೊಂಡದಲ್ಲಿ ಹೂಳು ತಂಗುವಂತೆ ಮಾಡಿ, ತಿಳಿನೀರನ್ನಷ್ಟೇ ಕೆರೆಗೆ ಬಿಡುತ್ತಿದ್ದ ಏರ್ಪಾಡನ್ನು ನಮ್ಮ ಎಂಜಿನಿಯರ ಮಹಾಶಯರು ಗಂಟೆಗಟ್ಟಲೆ ವಿವರಿಸಿದರು. ಅಕ್ಬರನ ರಕ್ಷಕನಾಗಿದ್ದ ಬೈರಾಮ್ ಖಾನ್ ಮಕ್ಕಾ ಯಾತ್ರೆಗೆ ಹೊರಟಾಗ 1561ರಲ್ಲಿ ಕೊಲೆಯಾದದ್ದೂ ಈ ಕೆರೆಯ ಬಳಿಯೇ.

ನನ್ನ ಮನಸ್ಸು ಹಿಡಿದವು ಮಾತ್ರ ಕೆರೆಯ ಎರಡು ಐತಿಹ್ಯಗಳು. ಕೆರೆ ತೋಡಲು ಬಂದ 'ಓಡ' ಜನರಲ್ಲಿ ಜಸ್ಮಾ ಎಂಬ ಚೆಲುವೆಯಿದ್ದಳು. ಓಡರೆಂದರೆ ನಮ್ಮಲ್ಲಿ ಮಣ್ಣು-ಕಲ್ಲಿನ ಕೆಲಸ ಮಾಡುವ ಒಡ್ಡರಂಥವರು. ದೊರೆ ಅವಳಿಗೆ ಆಸೆಪಟ್ಟ. ಅವಳು ಒಲ್ಲೆನೆಂದು ಓಡಿದಳು. ಬೆನ್ನಟ್ಟಿದಾಗ ಬೆಂಕಿಗೆ ಹಾರಿ, ನಿನ್ನ ಕೆರೆಯಲ್ಲಿ ನೀರು ನಿಲ್ಲದಿರಲಿ ಎಂದು ಶಪಿಸಿದಳು. ಆ ಶಾಪ ಕಳೆಯಲು ನರಬಲಿಯಾಗಬೇಕೆಂದಾಗ ಅಸ್ಪೃಶ್ಯರೆನಿಸಿಕೊಂಡಿದ್ದ ನೇಕಾರರ ಕುಲದ ಮೇಘಮಾಯಾ ಮುಂದೆ ಬಂದ. ತನ್ನ ಜನರು ಊರಿನಲ್ಲಿ ಮನುಷ್ಯರಂತೆ ಬಾಳುವ ಹಕ್ಕು ಬೇಡಿ, ಅದು ಸಿಕ್ಕ ಮೇಲೆ ಪ್ರಾಣ ಕೊಟ್ಟ. ಇಂದಿಗೂ ವೀರ ಮೇಘಮಾಯಾ ಎಂದು ಪೂಜೆಗೊಳ್ಳುತ್ತಾನೆ. 'ಕೆರೆಗೆ ಹಾರ'ದ ಭಾಗೀರಥಿಯನ್ನು ಹಾಡಿಕೊಂಡು ಬೆಳೆದ ನಮಗೆ ಈ ಕಥೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಭಾಗೀರಥಿಯ ಮಾವ ಸೊಸೆಯನ್ನು ಕೇಳದೆಯೇ ಕೆರೆಗೆ ಕೊಟ್ಟ. ಮೇಘಮಾಯಾ ಬೆಲೆ ಕೇಳಿ ಕೊಟ್ಟ. ಎರಡೂ ಕಡೆ ಕೆರೆಯ ಹೆಸರು ಮಾತ್ರ ದೊಡ್ಡವರದು.

ಊಟವಾದ ಮೇಲೆ ಪಟೋಲಾ ನೇಯುವ ಸಾಳವಿ ಮನೆತನದವರಲ್ಲಿಗೆ ಹೋದೆವು. ಹೆಣ್ಣುಮಕ್ಕಳ ಪ್ರವಾಸದಲ್ಲಿ ಸೀರೆಯ ಮನೆ ತಪ್ಪಲುಂಟೇ! ಆದರೆ ಇಲ್ಲಿ ಕೊಳ್ಳುವ ಮಾತಿಲ್ಲ, ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ಗಂಡಸರೆಲ್ಲ ನಿರ್ಭಯದಿಂದ ಬಂದಿದ್ದರು. ಹಾಸು, ಹೊಕ್ಕು ಎರಡೂ ಎಳೆಗಳನ್ನು ನೇಯುವುದಕ್ಕೆ ಮೊದಲೇ ಲೆಕ್ಕ ಹಾಕಿ ಕಟ್ಟಿ, ಬಣ್ಣಕ್ಕದ್ದಿ, ಬಿಚ್ಚಿ, ಮತ್ತೆ ಕಟ್ಟಿ ಬಣ್ಣ ಕೊಡುತ್ತಾರೆ. ಒಂದು ಕಡೆ ವಾಲಿದ ಮಗ್ಗದ ಮುಂದೆ ಇಬ್ಬರು ಕುಳಿತು ನೇಯುವಾಗ ಹಾಸಿನ ಚುಕ್ಕೆಯ ಮೇಲೆ ಹೊಕ್ಕಿನ ಚುಕ್ಕೆ ಸರಿಯಾಗಿ ಕೂಡಬೇಕು; ಕೂಡದಿದ್ದರೆ ಸೂಜಿಯಿಂದ ಎಳೆಯನ್ನು ಸರಿಸುತ್ತ ಕೂಡಿಸುತ್ತಾರೆ. ಒಂದು ಸೀರೆಗೆ ನಾಲ್ಕರಿಂದ ಆರು ತಿಂಗಳು. ಎರಡೂ ಮಗ್ಗುಲು ಒಂದೇ ಬಗೆ, ಒಳಗು ಹೊರಗು ಎಂಬುದಿಲ್ಲ. ಬಟ್ಟೆ ಹರಿದೀತು, ಬಣ್ಣದ ಚಿತ್ರ ಅಳಿಯದು ಎಂದು ಗುಜರಾತಿಗಳ ಗಾದೆಯೇ ಇದೆ.

ಈ ಸಾಳವಿಯವರ ಮೂಲದ ಬಗೆಗೆ ಒಂದು ಪರಂಪರೆಯ ಮಾತುಂಟು. ಸಿದ್ಧರಾಜನ ಅನಂತರ ಆಳಿದ ಕುಮಾರಪಾಲನು ಹನ್ನೆರಡನೆಯ ಶತಮಾನದಲ್ಲಿ ಜಾಲನಾ ಮತ್ತು ಕರ್ನಾಟಕದ ಕಡೆಯಿಂದ 700 ನೇಕಾರ ಕುಟುಂಬಗಳನ್ನು ಕರೆತಂದು ಪಾಟಣದಲ್ಲಿ ನೆಲೆಗೊಳಿಸಿದನಂತೆ. ಪೂಜೆಗೆ ದಿನಕ್ಕೊಂದು ಹೊಸ ಪಟೋಲಾ ಉಡುವ ವ್ರತ ಅವನದು. ಹೀಗೆಂದು ಅಲ್ಲಿಯವರು ಹೇಳಿದಾಗ, ಇಳಕಲ್ಲ ಸೀರೆಯುಟ್ಟು ಬಂದಿದ್ದ ನಮ್ಮ ಅಜ್ಜಿಯೊಬ್ಬರು ಸೆರಗಿನ ಟೋಪ ತೆನೆಯನ್ನು ಅವರ ಮುಂದೆ ಹಿಡಿದರು. ನೇಕಾರರು ಸೆರಗನ್ನು ತಿರುವಿ ಹಾಕಿ, ಒಡಲಿನ ನೂಲಿಗೆ ಸೆರಗಿನ ನೂಲನ್ನು ಜೋಡಿಸಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ ತಲೆದೂಗಿದರು. ಅಜ್ಜಿಗೆ ಗುಜರಾತಿ ಬಾರದು, ಅವರಿಗೆ ಕನ್ನಡ ಬಾರದು. ಹತ್ತು ನಿಮಿಷ ಇಬ್ಬರೂ ಮಾತನಾಡಿದರು.

ಸಂಜೆ ಹೇಮಚಂದ್ರಾಚಾರ್ಯ ಜ್ಞಾನಮಂದಿರವನ್ನು ಹೊರಗಿನಿಂದ ನೋಡಿಕೊಂಡು ಬಂದೆವು. ಮೂಡಬಿದಿರೆಯಂತೆ ಪಾಟಣದಲ್ಲಿಯೂ ಜೈನರು ಶತಮಾನಗಳಿಂದ ತಾಳೆಗರಿ ಗ್ರಂಥಗಳನ್ನು ಜೋಪಾನ ಮಾಡಿದ್ದಾರೆ. ಅಂಗಡಿಯಲ್ಲಿ ದೇವಡಾ ಎಂಬ ತುಪ್ಪದ ಮಿಠಾಯಿ ತಿಂದು ಅತಿಥಿಗೃಹ ಸೇರಿದೆವು.

ರಾತ್ರಿ ಎರಡೆರಡು ರಜಾಯಿ ಹೊದ್ದು ಕುಳಿತಾಗ ಮಾಸ್ತರರಿಂದ ಇನ್ನೊಂದು ಕಥೆ. 1178ರಲ್ಲಿ ಮಹಮ್ಮದ ಘೋರಿ ಗುಜರಾತಿನ ಮೇಲೆ ದಂಡೆತ್ತಿ ಬಂದಾಗ ಪಾಟಣದ ದೊರೆ ಇನ್ನೂ ಬಾಲಕ. ಅವನ ತಾಯಿ ನಾಯ್ಕೀದೇವಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ದಂಡನ್ನು ನಡೆಸಿದಳೆಂದು ಮೇರುತುಂಗ ಬರೆದಿದ್ದಾನೆ. ಆಬೂ ಬೆಟ್ಟದ ಬುಡದ ಕಾಯದ್ರಾದಲ್ಲಿ ಘೋರಿ ಸೋತು ಹಿಮ್ಮೆಟ್ಟಿದ. ಈ ನಾಯ್ಕೀದೇವಿ ಪರಮರ್ದಿ ಎಂಬ ರಾಜನ ಮಗಳು. ಅವನು ಗೋವೆಯ ಕದಂಬ ಶಿವಚಿತ್ತ ಪೆರ್ಮಾಡಿಯೇ ಎಂದು ಕೆಲವು ಇತಿಹಾಸಕಾರರೂ, ಬುಂದೇಲಖಂಡದ ಚಂದೇಲ ಪರಮರ್ದಿ ಎಂದು ಇನ್ನು ಕೆಲವರೂ ಹೇಳುತ್ತಾರೆ. ಕಿತ್ತೂರಿನ ಹತ್ತಿರದ ದೇಗಾವಿಯಲ್ಲಿ ಕಮಲನಾರಾಯಣ ಗುಡಿಯನ್ನು ಕಟ್ಟಿಸಿದ ಕಮಲಾದೇವಿ ಈ ಶಿವಚಿತ್ತನ ರಾಣಿ. ಬೆಳಗಾವಿಯವರೆಲ್ಲ ಚಂದೇಲರ ವಾದವನ್ನು ಅಲ್ಲಿಯೇ ತಳ್ಳಿಹಾಕಿದರು. ನಾನು ಮಾತ್ರ ಮೀನಳದೇವಿಯೊಬ್ಬಳೇ ನಮಗೆ ಸಾಕು, ಪರರ ಮಗಳನ್ನು ಎಳೆದುಕೊಳ್ಳುವುದು ಬೇಡ ಎಂದೆ. ಚರ್ಚೆ ಹನ್ನೆರಡರವರೆಗೆ ನಡೆಯಿತು.

ರವಿವಾರ ಬೆಳಿಗ್ಗೆ ಮೊಢೇರಾ. 1026-27ರ ಸೂರ್ಯದೇವಾಲಯ; ಉದಯಮತಿಯ ಗಂಡ ಭೀಮದೇವನ ಕಾಲದ್ದು. ಮೂರ್ತಿಯಿಲ್ಲದ ಗುಡಿಯ ಮುಂದೆ 108 ಪುಟ್ಟ ಗುಡಿಗಳ ಸೂರ್ಯಕುಂಡ. 2022ರಿಂದ ಊರಿಗೂ ಸೂರ್ಯನಿಂದಲೇ ವಿದ್ಯುತ್ತು. ಜನವರಿಯ ನೃತ್ಯೋತ್ಸವದ ವೇದಿಕೆ ಕಟ್ಟುವವರ ಅವಸರದಲ್ಲಿ ನಮಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಇದನ್ನು ಕುರಿತು ಬರೆದವರು ಬಹಳ ಜನ, ನಾನು ಬಿಡುತ್ತೇನೆ.

ಅಲ್ಲಿಂದ ಬೇಚರಾಜಿಯ ಮೇಲೆ ಹಾದು ವೀರಮಗಾಮಕ್ಕೆ ಬಂದೆವು. ಸಾಮಾನ್ಯವಾಗಿ ಪ್ರವಾಸಿಗಳು ಇಲ್ಲಿ ಇಳಿಯುವುದಿಲ್ಲ. ಇಲ್ಲಿರುವುದು ಮೀನಳದೇವಿಯ ಹೆಸರಿನ ಕೆರೆ, ಮುನಸರ. ಶಂಖದ ಆಕಾರವೆನ್ನುತ್ತಾರೆ. ಸುತ್ತಲೂ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಮೇಲೆ ಸಾಲುಗೊಂಬೆಗಳಂತೆ ನೂರಾರು ಪುಟ್ಟ ಗುಡಿಗಳು. ಪಾಟಣದ ಬಾವಿಯಂತೆ ಇಲ್ಲಿ ಕಾವಲುಗಾರರ ಸಡಗರವಿಲ್ಲ. ಹೆಂಗಸರು ಬಟ್ಟೆ ತಂದಿದ್ದರು, ಎಮ್ಮೆಗಳು ನೀರಿಗಿಳಿದಿದ್ದವು. ವೈನಿ ಮೆಟ್ಟಿಲಿಳಿದು ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಅಲ್ಲಿಯೇ ಕುಳಿತು ಉಳಿದ ಬುತ್ತಿ ಬಿಚ್ಚಿದೆವು. ಸೋಮನಾಥಕ್ಕೆ ಹೋಗುವ ಯಾತ್ರಿಕರು ಬಾಹುಲೋಡವೆಂಬಲ್ಲಿ ಸುಂಕ ತೆರಬೇಕಾಗಿತ್ತು. ತೆರಲಾರದ ಬಡವರು ದೇವರನ್ನು ನೋಡದೆ ಅಳುತ್ತ ಹಿಂತಿರುಗುತ್ತಿದ್ದರು. ಮೀನಳದೇವಿ ಅದನ್ನು ಕಂಡು ತಾನೂ ಹಿಂದಕ್ಕೆ ಹೊರಟಳು. ಮಗ ಬಂದು ಲೆಕ್ಕ ಕೇಳಿದ. ವರ್ಷಕ್ಕೆ 72 ಲಕ್ಷದ ಹುಟ್ಟುವಳಿ. ಪತ್ರವನ್ನು ಹರಿದುಹಾಕಿ, ಪುಣ್ಯ ನಿನ್ನದೆಂದು ತಾಯಿಯ ಕೈಗೆ ನೀರೆರೆದ. ಸೋಮನಾಥದಲ್ಲಿ ಅವಳು ಬಂಗಾರ ಸುರಿದು, ನನ್ನಂಥ ದಾನಿ ಯಾರೆಂದು ಬೀಗಿದಾಗ ದೇವರು ಕನಸಿನಲ್ಲಿ ಬಂದು, ಇಲ್ಲಿಗೆ ಬಂದಿರುವ ಒಬ್ಬ ಭಿಕ್ಷುಕಿಯ ಪುಣ್ಯವನ್ನು ಬೇಡಿಕೊ ಎಂದನಂತೆ. ಉಪವಾಸವಿದ್ದು, ಬೇಡಿ ತಂದ ಹಿಡಿಯಷ್ಟರಲ್ಲಿಯೇ ದೇವರಿಗೂ ಅತಿಥಿಗೂ ಕೊಟ್ಟ ಅವಳು, ಎಷ್ಟು ಹೊನ್ನು ಕೊಟ್ಟರೂ ಅದನ್ನು ಮಾರಲೊಲ್ಲೆನೆಂದಳು. ಮೇರುತುಂಗನ ಕಥೆಯೇ ಇದೂ. ಮಹಾರಾಣಿಯನ್ನು ಹೊಗಳುತ್ತ ಹೊಗಳುತ್ತ ಒಂದು ಚಿವುಟು ಚಿವುಟುವುದನ್ನು ಅವನು ಮರೆಯುವುದಿಲ್ಲ.

ಧೋಳಕಾದ ಮಲಾವ್ ತಲಾವ್ ತಲುಪುವಾಗ ಹೊತ್ತು ಇಳಿದಿತ್ತು. ಈ ಕೆರೆಯನ್ನು ತೋಡಿಸುವಾಗ ಅಂಚಿನಲ್ಲಿ ಒಬ್ಬ ಹೆಂಗಸಿನ ಮನೆ ಅಡ್ಡ ಬಂದಿತಂತೆ. ಎಷ್ಟು ಹಣ ಕೊಟ್ಟರೂ ಮನೆ ಬಿಡೆನೆಂದಳು. ಮಂತ್ರಿಗಳು ಕೆಡಹೋಣವೆಂದರು. ಮೀನಳದೇವಿ ಬೇಡವೆಂದಳು, ಕೆರೆ ಸೊಟ್ಟಗಾದರೂ ಆಗಲಿ, ಮನೆ ಇರಲಿ. ಅಂದಿನಿಂದ ನ್ಯಾಯ ನೋಡಬೇಕಾದರೆ ಮಲಾವ್ ಕೆರೆಯನ್ನು ನೋಡಿ ಎಂಬ ಮಾತು ಗುಜರಾತಿನಲ್ಲಿ ಹುಟ್ಟಿತು. ದಂಡೆಯಲ್ಲಿ ಸಿಕ್ಕ ಮುದುಕರೊಬ್ಬರು ನಮಗೆ ಈ ಕಥೆಯನ್ನು ಕೈಬಾಯಿ ತಿರುವಿ ಹೇಳಿದರು. ಕೊನೆಗೆ, ನೀವು ಯಾವ ಕಡೆಯವರೆಂದು ಕೇಳಿದರು. ಕರ್ನಾಟಕವೆಂದೆವು. "ಹಾಗಾದರೆ ಮೀನಳಮಾತೆಯ ತವರಿನವರು!" ಎಂದು ಎದ್ದು ನಿಂತು ಎಲ್ಲರಿಗೂ ಚಹ ತರಿಸಿದರು. ನಲವತ್ತೊಂದು ಜನಕ್ಕೂ. ಬೇಡವೆಂದರೆ ಕೇಳಲಿಲ್ಲ.

ತಿರುಗಿ ಬರುವಾಗ ಹುಡುಗಿಯರು ಅಂತ್ಯಾಕ್ಷರಿ ಹಾಡಿದರು. ವೈನಿಯ ಮಗಳು ಬಂದಿರಲಿಲ್ಲ. ವಡೋದರೆಯಲ್ಲಿ ಮಾಸ್ತರರು ಇಳಿದುಹೋದ ಮೇಲೆ ವೈನಿ ಮೆಲ್ಲಗೆ ನನ್ನ ಕೈ ಹಿಡಿದರು.

"ಆ ಹುಡುಗನ ತಾಯಿ ದೀಪಾವಳಿಯಿಂದ ಮೂರು ಸರ್ತಿ ಫೋನು ಮಾಡ್ಯಾರ್ರೀ. ನಾನ ಸರಿಯಾಗಿ ಮಾತಾಡಿಲ್ಲ. ಬುಧವಾರ ಊಟಕ್ಕ ಬರ್ರಿ ಅಂತ ಹೇಳ್ತೀನಿ. ನೀವೂ ಬರ್ರಿ. ಮಾರ್ಕೆಟ್ಟಿನ ಗುಜರಾತಿ ನನಗ ಬರ್ತದ, ಬೀಗರ ಜೋಡಿ ಆಡೋ ಗುಜರಾತಿ ಬರೂದುಲ್ಲ."

ಬುಧವಾರ ನಾನೂ ಹೋದೆ. ಹೂರಣದ ಹೋಳಿಗೆ, ಕಟ್ಟಿನ ಸಾರು, ಬದನೀಕಾಯಿ ಎಣಗಾಯಿ. ಬಂದಾಕೆ ಎಣಗಾಯಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಮಸಾಲೆಗೆ ಏನೇನು ಹಾಕಿದ್ದೀರಿ ಎಂದು ಕೇಳಿದರು. ಗುರೆಳ್ಳಿಗೆ ಗುಜರಾತಿಯಲ್ಲಿ ಏನೆನ್ನುತ್ತಾರೋ ನನಗೂ ತಿಳಿಯದು. ವೈನಿ ಅಡಿಗೆಮನೆಯಿಂದ ಡಬ್ಬಿಯನ್ನೇ ತಂದು ಅವರ ಮುಂದಿಟ್ಟು ಮುಚ್ಚಳ ತೆಗೆದರು.